ಐದು ಸೆಲ್ಲಿನ ಕಾಕಾ

ಕತ್ತಲೆಗೆ ಹೆದರುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ತುರ್ವಿಹಾಳದಲ್ಲಿ ಮಾತ್ರ ಜನ ಬೆಳಕಿಗೆ ಹೆದರುತ್ತಿದ್ದರು. ಕಾರಣ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ! ಎಂಬತ್ತರ ದಶಕದ ಕೊನೆಯಲ್ಲಿ ಅವನ ಕೈಗೆ ಐದು ಸೆಲ್ಲಿನ ಬ್ಯಾಟರಿ ಬಂತು. (ಓದಿದವರು ಅದಕ್ಕೆ ಟಾರ್ಚು ಅನ್ನುತ್ತಾರೆ. ನಮ್ಮಲ್ಲಿ ಅದೇ ಬ್ಯಾಟರಿ, ಅದರ ಹೊಟ್ಟೆಯೊಳಗಿನದು ಸೆಲ್ಲು.) ಅಂದಿನಿಂದ ಮುಸ್ಸಂಜೆಗೆ ಚೊಂಬು ಹಿಡಿದು ಬಯಲಿಗೆ ಹೋದವರು ಒಬ್ಬರೂ ನೆಮ್ಮದಿಯಿಂದ ಕೂತದ್ದಿಲ್ಲ. "ಯಾರಂವ?" ಎಂದು ಕಾಕಾ ಕೇಳುವ ಮೊದಲೇ ಬೆಳಕು ಮುಖಕ್ಕೆ ಬಿದ್ದಿರುತ್ತಿತ್ತು. ಮುಖಕ್ಕೇ ಬಿತ್ತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಕು!

ಅಂಥ ಬ್ಯಾಟರಿ ಸಿಂಧನೂರಿನ ಅಂಗಡಿಗಳಲ್ಲಿ ಇರಲಿಲ್ಲವೆಂದಲ್ಲ. ಆದರೆ ಕಾಕಾ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಜಾಹೀರಾತು ನೋಡಿಬಿಟ್ಟಿದ್ದ. ದಿಲ್ಲಿಯ ಮಾಲು, ಟಪಾಲಿನಲ್ಲಿ ಮನೆಗೇ ಬರುತ್ತದೆ, ಮೈಲಿಗಟ್ಟಲೆ ಬೆಳಕು! ಮೈಲಿಯಾಚೆ ಬೆಳಕು ಬಿದ್ದರೆ ಅಲ್ಲೇನಿದೆ ಎಂದು ಇಲ್ಲಿ ನಿಂತವನಿಗೆ ಹೇಗೆ ತಿಳಿಯಬೇಕು? ಹಾಗೆ ಕೇಳದೆ ನಾನೇ ಕಾರ್ಡು ಬರೆದು ಹಾಕಿದೆ.

ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ಲು ಬಂತು. ದುಡ್ಡು ಕೊಟ್ಟ ಮೇಲೆಯೇ ಬಿಚ್ಚಬೇಕು ಎಂದ ಟಪಾಲಿನವನು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಬಾಗಿಲಲ್ಲೇ ಶುರು ಮಾಡಿದಳು. ಅವಳ ನಾಲಿಗೆಗೆ ಊರಲ್ಲಿ ಸಾಟಿ ಇರಲಿಲ್ಲ.

"ಸಂತ್ಯಾಗ ಬದನಿಕಾಯಿ ಸುದ್ದಾ ಹಿಚುಕಿ ನೋಡಿ ತಗೊಳ್ಳೋರು ನೀವು. ಇದನ್ನ ಮುಚ್ಚಿದ್ದು ಮುಚ್ಚಿದಂಗ ತಗೊಂತೀರಲ್ರೀ!"

ಬಿಚ್ಚಿದರೆ ಮೊಳದುದ್ದದ ಬ್ಯಾಟರಿ ಥಳಥಳ ಹೊಳೆಯುತ್ತಿತ್ತು. ಸೆಲ್ಲು ಒಂದೂ ಇರಲಿಲ್ಲ! ಚಿತ್ರದಲ್ಲಿ ಐದೂ ಸಾಲಾಗಿ ನಿಂತಿದ್ದವು.

"ಬಂಡಿ ಬಂದೈತಿ, ಎತ್ತು ಬಂದಿಲ್ಲ," ಎಂದು ಚಿಗವ್ವ ಒಳಗೆ ಹೋದಳು.

ಆ ಮಾತೇ ಕಾಕಾನ ತಲೆಯಲ್ಲಿ ಕೂತುಬಿಟ್ಟಿತೋ ಏನೋ. ಸಿಂಧನೂರಿನ ಅಂಗಡಿಯಲ್ಲಿ ಅವನು ಕೇಳಿದ್ದು ಎರಡೇ ಹೊಸ ಸೆಲ್ಲು. ಉಳಿದ ಮೂರು ಮನೆಯ ರೇಡಿಯೋದೊಳಗಿನ ಮುದಿ ಸೆಲ್ಲುಗಳು.

"ಐದೂ ಹೊಸಾವ ಹಾಕ್ರಿ. ಹಳೇದು ಹೊಸಾದು ಕೂಡಿಸಿದ್ರ ಸೆಲ್ಲು ಸೋರ್ತಾವ, ಒಡೀತಾವ," ಎಂದ ಅಂಗಡಿಯವನು.

"ನೀ ಮಾರಾವ, ಹಂಗ ಅಂತಿ. ಹೊಸಾ ಹೋರಿ ಪಳಗಬೇಕಂದ್ರ ಏನ ಮಾಡ್ತಾರ? ಮುದಿ ಎತ್ತಿನ ಜೋಡಿ ನೊಗಕ್ಕ ಹಾಕ್ತಾರ. ಸೆಲ್ಲಿಗೂ ಅದ ಕಾಯಿದೆ!"

ಅಂಗಡಿಯವನು ಎತ್ತು ಕಟ್ಟಿದವನಲ್ಲ. ಎರಡೇ ಸೆಲ್ಲು ಎಣಿಸಿ ಕೊಟ್ಟ.

ಮಸ್ಕಿಗೆ ನನಗೆ ಹೆಣ್ಣು ನೋಡಲು ಹೋದಾಗಲೂ ಆ ಬ್ಯಾಟರಿ ನಮ್ಮ ಜೊತೆಗಿತ್ತು. ಸಂಜೆಯಾಗಿತ್ತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊಸ್ತಿಲು ದಾಟುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಇಂಥ ಗಳಿಗೆಗೇ ಕಾಯುತ್ತಿದ್ದ ಕಾಕಾ ಬೆಳಕನ್ನು ನೇರ ಅವಳ ಮುಖಕ್ಕೆ ಬಿಟ್ಟ! ಪಾಪ, ಅವಳು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಳು.

"ತಮ್ಮಾ, ಹೆಣ್ಣ ನೋಡಾಕ ಬಂದೀರೋ, ಕಳ್ಳರನ್ನ ಹಿಡ್ಯಾಕ ಬಂದೀರೋ?" ಎಂದಳು ಅವಳ ಅಜ್ಜಿ.

"ಯವ್ವಾ, ಸೀರಿ ತಗೊಳ್ಳೋವಾಗ ಬೆಳಕಿಗೆ ಹಿಡದು ನೋಡಂಗಿಲ್ಲೇನು?" ಎಂದ ಕಾಕಾ.

ಆ ಮಾತಿಗೂ ಸಂಬಂಧ ಮುರಿಯಲಿಲ್ಲ. ಯಾರಾದರೂ ಕೇಳಿದರೆ ನನ್ನ ಹೆಂಡತಿ ಇವತ್ತಿಗೂ ಅನ್ನುತ್ತಾಳೆ: "ನಾ ಅವತ್ತ ಕಣ್ಣು ಮುಚ್ಚಿಕೊಂಡ ಒಪ್ಪೀನಿ!"

ನೊಗದ ಕಾಯಿದೆಯಿಂದಾಗಿ ಸೆಲ್ಲುಗಳು ಬೇಗ ಬೇಗ ದಣಿಯುತ್ತಿದ್ದವು. ದಣಿದವನ್ನು ಕಾಕಾ ಮಾಳಿಗೆಯ ಮೇಲೆ ಚಿಗವ್ವನ ಸಂಡಿಗೆಯ ಪಕ್ಕದಲ್ಲೇ ಒಣಹಾಕುತ್ತಿದ್ದ. ಬಿಸಿಲುಂಡ ಸೆಲ್ಲು ಒಂದು ಗಳಿಗೆ ಬೆಳಗಿ ಮತ್ತೆ ಮಂಕಾಗುತ್ತಿತ್ತು. ಒಂದೆರಡು ಸೋರಿ, ಅಂಟು ಅಂಟಾದ ನೀರು ಸಂಡಿಗೆಗೂ ಹತ್ತಿತು. ಚಿಗವ್ವ ಸಂಡಿಗೆಯನ್ನೆಲ್ಲ ತಿಪ್ಪೆಗೆ ಚೆಲ್ಲಿ, "ಇನ್ನ ಸೆಲ್ಲ ಕರದು ಉಣ್ರಿ" ಎಂದಳು.

ಅದೇ ವರ್ಷ ಮಳೆ ಹಿಡಿದು ಬಿಸಿಲೇ ಕಾಣದಂತಾಯಿತು. ಕಾಕಾನ ಕಣ್ಣು ಒಲೆಯ ಕಡೆ ಹೊರಳಿತು. ನಾನು ಸೆಲ್ಲಿನ ಮೈಮೇಲಿದ್ದ ಇಂಗ್ಲಿಷ್ ಅಕ್ಷರ ಓದಿ ಹೇಳಿದೆ: "ಕಾಕಾ, ಬೆಂಕಿಗೆ ಹಾಕಬಾರದು ಅಂತ ಐತಿ."

"ಬೂದಿಗಿ?"

"ಬೂದಿ ಅಂತ ಬರದಿಲ್ಲ."

"ಮತ್ತ!"

ಬೆಳಿಗ್ಗೆ ರೊಟ್ಟಿ ಬಡಿದು ಮುಗಿದ ಮೇಲೆ, ಒಲೆಯ ಬಿಸಿ ಬೂದಿಯಲ್ಲಿ ಐದನ್ನೂ ಹೂತಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಕಾದವೋ ಇಲ್ಲವೋ ನೋಡೋಣವೆಂದು ಇಕ್ಕಳ ಹಿಡಿದು ಬಗ್ಗಿದ. ಢಂ! ಓಡಿ ಹೋಗಿ ನೋಡಿದರೆ ಅಡುಗೆಮನೆ ತುಂಬ ಬೂದಿ, ಕಾಕಾನ ಮುಖದ ತುಂಬ ಕರಿಪುಡಿ. ಎರಡೂ ಕೈಯಲ್ಲಿ ಕಣ್ಣು ಒತ್ತಿ ಹಿಡಿದು ಕೂತಿದ್ದ. ಚಿಗವ್ವ ಅವನ ಕೈ ಬಿಡಿಸಿ ಕೊಡಗಟ್ಟಲೆ ನೀರು ಸುರಿದಳು. ಮೀಸೆ ಅರ್ಧ ಹೋಗಿತ್ತು, ಹುಬ್ಬು ಇರಲಿಲ್ಲ. ಕಣ್ಣು ತೆರೆಯಲು ಅವನಿಗೆ ಆಗಲಿಲ್ಲ.

ಜೀಪು ಮಾಡಿಕೊಂಡು ಲಿಂಗಸುಗೂರಿನ ಕಣ್ಣಿನ ಡಾಕ್ಟರ ಬಳಿ ಓಡಿದೆವು. ಅವರು ತೊಳೆದು, ಮುಲಾಮು ಹಾಕಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. "ಕಣ್ಣು ಕಾಣ್ತಾವೋ ಇಲ್ಲೋ, ಪಟ್ಟಿ ಬಿಚ್ಚಿದ ಮ್ಯಾಲೆ ಹೇಳತೀನಿ," ಎಂದರು.

ಹಾಸಿಗೆಯಲ್ಲಿ ಮಲಗಿ ಕಾಕಾ, "ಕರೆಂಟ ಯಾವಾಗ ಬರ್ತೈತ್ಲೇ?" ಎಂದು ನನ್ನನ್ನು ನಗಿಸಲು ನೋಡುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನನ್ನು ಹೆಚ್ಚು ಹೆದರಿಸಿದ್ದು ಚಿಗವ್ವ. ಬೈಯಲಿಲ್ಲ, ಒಂದು ಕುಟುಕು ಮಾತಾಡಲಿಲ್ಲ. ರೊಟ್ಟಿ ಮುರಿದು ಅವನ ಬಾಯಿಗೆ ಇಡುತ್ತಿದ್ದಳು, ಬಾಯಿ ಒರೆಸುತ್ತಿದ್ದಳು, ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ಆ ನಾಲಿಗೆ ಹೀಗೆ ಸುಮ್ಮನಾದದ್ದನ್ನು ನಾನು ನೋಡಿರಲೇ ಇಲ್ಲ.

ಪಟ್ಟಿ ಬಿಚ್ಚುವ ದಿನ ಬಂತು. ಡಾಕ್ಟರು ಮೆಲ್ಲಗೆ ಸುತ್ತು ಬಿಡಿಸಿ, ಹತ್ತಿ ತೆಗೆದು, ತಮ್ಮ ಸಣ್ಣ ಬ್ಯಾಟರಿಯ ಬೆಳಕನ್ನು ಅವನ ಕಣ್ಣಿಗೆ ಹಿಡಿದರು.

"ಏನ ಕಾಣಸ್ತೈತ್ರಿ, ಯಜಮಾನ್ರ?"

ಕಾಕಾ ಕಣ್ಣು ಕಿರಿದು ಮಾಡಿದ, ಅಗಲ ಮಾಡಿದ. ಆಮೇಲೆ ಬಾಯಿ ಬಿಟ್ಟ.

"ಎರಡು ಸೆಲ್ಲಿಂದು ಐತ್ರಿ. ಬೆಳಕು ಕೆಂಪಗಾಗೈತಿ, ಸೆಲ್ಲು ಇಳದಾವ. ಎರಡೂ ಹೊಸಾವ ಹಾಕ್ರಿ ಮತ್ತ!"

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಹೋದ ಜೀವ ಬಂದಂತಾಯಿತು. ಅಲ್ಲಿದ್ದ ಕಂಪೌಂಡರನ್ನು ಗುರುತಿಲ್ಲದಿದ್ದರೂ ತಬ್ಬಿಕೊಂಡೆ!

ಕಾಕಾ ಮಾತ್ರ ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಚಿಗವ್ವನ ಕಡೆ ತಿರುಗಿ ನೋಡುತ್ತಲೇ ಇದ್ದ.

"ಏ, ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತು?"

"ನೀವು ಬ್ಯಾಟರಿ ಹಿಡದು ಊರ ಮಂದಿ ಮಾರಿ ನೋಡಾಕತ್ತಾಗ," ಎಂದಳು ಚಿಗವ್ವ. ಅಷ್ಟರಲ್ಲಿ ಅವಳ ದನಿ ಒಡೆಯಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅತ್ತುಬಿಟ್ಟಳು.

"ಸೆರಗು ಸರಸು," ಎಂದ ಕಾಕಾ. "ಇನ್ನೊಮ್ಮಿ ನೋಡ್ತೀನಿ."

ನಾನೂ ಡಾಕ್ಟರೂ ಇಬ್ಬರೂ ಅತ್ತ ತಿರುಗಿ, ಗೋಡೆಗೆ ತೂಗುಹಾಕಿದ್ದ ಕಣ್ಣು ಪರೀಕ್ಷೆಯ ಹಲಗೆಯ ದಪ್ಪ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದೆವು.