ಫಿಯೋನಾಳ ಸಣ್ಣ ಕಾಲೇಜು

ನಾರ್ಬರ್ಟ್: ಕ್ಲಾಸಲ್ಲಿ ಹದಿನಾಲ್ಕು ಜನ ಅಂತೆ. ಅದಕ್ಕೆ ಅಮೆರಿಕಾದವರೆಗೆ ಯಾಕೆ ಹೋಗ್ಬೇಕು? ಖಲೀಫಾ ಸಿಟಿಯ ಮೆಟಿಲ್ಡಾ ಆಂಟಿಯ ಟ್ಯೂಷನಿಗೇ ಅದಕ್ಕಿಂತ ಜಾಸ್ತಿ ಮಕ್ಕಳು ಬರ್ತಾರೆ.

ಅಬುಧಾಬಿಯ ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ರಕ್ತ ಪರೀಕ್ಷೆ ಮಾಡಿದ ನಾರ್ಬರ್ಟ್‌ಗೆ ಈ ವಿಷಯದಲ್ಲಿ ಯಾರ ಸಲಹೆಯೂ ಬೇಕಿರಲಿಲ್ಲ; ಬೆಂಬಲ ಬೇಕಿತ್ತು. ಅದಕ್ಕೆಂದೇ ಹಳೆಯ ಗೆಳೆಯ ಸಿದ್ದೀಕ್‌ನನ್ನು ಅಂಜಲ್ ಮೀನಿನ ಫ್ರೈಯ ಆಸೆ ತೋರಿಸಿ ದುಬೈನಿಂದ ಅಲ್ ರೀಮ್ ಐಲ್ಯಾಂಡಿನ ಫ್ಲಾಟಿಗೆ ಕರೆಸಿಕೊಂಡಿದ್ದ. ಮಗಳು ಫಿಯೋನಾಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ಊರೆಲ್ಲಾ ಕೇಳಿ ಗೊತ್ತಿರುವ ಯೂನಿವರ್ಸಿಟಿ. ಇನ್ನೊಂದು, ಯಾವುದೋ ಹಳ್ಳಿಯ ಲಿಬರಲ್ ಆರ್ಟ್ಸ್ ಕಾಲೇಜು. ಹುಡುಗಿ ಹಿಡಿದ ಪಟ್ಟು ಹಳ್ಳಿಯದ್ದು. ಆ ಸಂಜೆ ಆರರೊಳಗೆ ಎರಡರಲ್ಲೊಂದಕ್ಕೆ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಲೇಬೇಕಿತ್ತು.

ಸಿದ್ದೀಕ್: ಬಯಾಲಜಿ ಕಲಿಯುದು ಆರ್ಟ್ಸ್ ಕಾಲೇಜಲ್ಲಿಯಾ ಮಗಳೇ? ಕಪ್ಪೆಗೆ ಡ್ಯಾನ್ಸ್ ಕಲಿಸ್ತಾರಾ?

ಫಿಯೋನಾ: ಹೆಸರು ಮಾತ್ರ ಹಾಗೆ ಅಂಕಲ್, ಸೈನ್ಸೂ ಉಂಟು. ಫಸ್ಟ್ ಇಯರಿಂದಲೇ ಪ್ರೊಫೆಸರ್ ಜೊತೆ ರಿಸರ್ಚ್ ಮಾಡ್ಬಹುದು. ಆಮೇಲೆ ಪಿಎಚ್‌ಡಿಗೆ ದೊಡ್ಡ ಯೂನಿವರ್ಸಿಟಿ.

ನಾರ್ಬರ್ಟ್: ಕೇಳಿದಿಯಾ? ಕಡೆಗೆ ದೊಡ್ಡದಕ್ಕೇ ಹೋಗುದಂತೆ. ಅಬುಧಾಬಿಯಿಂದ ದುಬೈಗೆ ಮಸ್ಕತ್ ಸುತ್ತಿ ಹೋಗುವ ಹಾಗೆ.

ಸಿದ್ದೀಕ್: ನೀನು ಅವಳನ್ನು ಎಲ್‌ಕೆಜಿ ಬಿಟ್ಟು ನೇರ ಹತ್ತನೇ ಕ್ಲಾಸಿಗೆ ಹಾಕಿದ್ದಾ?

ಇವನಿಗೆ ಎರಡನೇ ತುಂಡು ಮೀನು ಬಡಿಸಿದ್ದು ದಂಡ ಎಂದು ನಾರ್ಬರ್ಟ್‌ಗೆ ಅನಿಸಿತು.

ನಾರ್ಬರ್ಟ್: ಇವಳು ಇಮೇಲ್ ಹಾಕಿದ ಅರ್ಧ ಗಂಟೆಯಲ್ಲಿ ಆ ಹಳ್ಳಿ ಕಾಲೇಜಿನ ಪ್ರೊಫೆಸರೇ ಉತ್ತರ ಬರೆದಿದ್ದಾರೆ ಮಾರಾಯ. ಅಷ್ಟು ಪುರುಸೊತ್ತು ಇರುವವರು ಎಂತ ಪ್ರೊಫೆಸರ್?

ಸಿದ್ದೀಕ್: ದೊಡ್ಡ ಯೂನಿವರ್ಸಿಟಿಯವರು ಬರೆದಿಲ್ವಾ?

ಫಿಯೋನಾ: ಬರೆದ್ರಲ್ಲ. ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಅಂತ.

ನಾರ್ಬರ್ಟ್: ಅದು ಗತ್ತು. ಅಂಥವರ ಹತ್ರ ಕಲೀಬೇಕು.

ಫಿಯೋನಾ: ಅಲ್ಲಿ ಬಯಾಲಜಿ ಕ್ಲಾಸಲ್ಲಿ ನಾಲ್ಕುನೂರು ಜನ ಪಪ್ಪಾ.

ನಾರ್ಬರ್ಟ್: ನೋಡು, ಎಷ್ಟು ಡಿಮಾಂಡು.

ಫಿಯೋನಾ: ನನ್ನ ಪಿಎಚ್‌ಡಿಗೆ ಶಿಫಾರಸು ಬರೆಯುವವರಿಗೆ ನಾನು ಯಾರಂತ ಗೊತ್ತಿರಬೇಡ್ವಾ?

ನಾರ್ಬರ್ಟ್: ಅದಕ್ಕೆಂತ ಹೆದರುದು? ಜಾಗ ದೊಡ್ಡದಾದ್ರೂ, ಕೆಲಸ ಮಾಡುವವರನ್ನು ಜನ ತಾನಾಗಿ ಗುರುತಿಸ್ತಾರೆ.

ಸಿದ್ದೀಕ್ ನಿಧಾನವಾಗಿ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟ.

ಸಿದ್ದೀಕ್: ಸರಿ. ನಿನ್ನ ಆಸ್ಪತ್ರೆಯಲ್ಲಿ ಎಷ್ಟು ಡಾಕ್ಟರಿಗೆ ನಿನ್ನ ಗುರುತು ಉಂಟು?

ನಾರ್ಬರ್ಟ್ ಉತ್ಸಾಹದಿಂದ ಬೆರಳು ಮಡಚತೊಡಗಿದ. ಎರಡನೆಯದಕ್ಕೆ ನಿಂತ.

ನಾರ್ಬರ್ಟ್: ಇಬ್ಬರಿಗೆ ಉಂಟು. ಒಬ್ಬ ರಾಬರ್ಟ್ ಅಂತ ಕರೀತಾನೆ. ಇನ್ನೊಬ್ಬ ‘ಲ್ಯಾಬ್’ ಅಂತ.

ಇಷ್ಟು ವರ್ಷ ಇದನ್ನು ನಾರ್ಬರ್ಟ್ ಮನೆಯಲ್ಲಿ ಹೇಳಿರಲಿಲ್ಲ. ಲ್ಯಾಪ್‌ಟಾಪನ್ನು ಮಗಳ ಕಡೆಗೆ ತಳ್ಳಿದ.

ನಾರ್ಬರ್ಟ್: ಯಲ್ಲಾ, ನಡಿ, ಸಣ್ಣದಕ್ಕೇ ಒತ್ತು.

ಫಿಯೋನಾ ಒತ್ತಿದಳು. ಅಪ್ಪನ ಮುಖ ನೋಡುವ ಧೈರ್ಯ ಅವಳಿಗೆ ಇರಲಿಲ್ಲ.

ಸಿದ್ದೀಕ್: ದೊಡ್ಡ ಯೂನಿವರ್ಸಿಟಿಯವರಿಗೆ ಬರುದಿಲ್ಲ ಅಂತ ತಿಳಿಸ್ಬೇಡ್ವಾ?

ನಾರ್ಬರ್ಟ್: ಅರ್ಜೆಂಟಿಲ್ಲ. ಇವಳು ಬರ್ಲಿಲ್ಲ ಅಂತ ಅವರಿಗೆ ಗೊತ್ತಾಗ್ಲಿಕ್ಕೆ ನಾಲ್ಕು ವರ್ಷ ಬೇಕು.