ಸಮೊ ರಾಜನ ಇಪ್ಪತ್ತೆರಡನೆಯ ಮಗ

ವಿರುಪಾಕ್ಷನ ಹೆಬ್ಬೆರಳು ಸ್ವಲ್ಪ ದಪ್ಪ. ಆ ಶನಿವಾರ ಬೆಳಿಗ್ಗೆ ಒಂದು ಸಾಮ್ರಾಜ್ಯ ಅಲುಗಾಡಿದ್ದು ಅದರಿಂದಲೇ.

ನಾರ್ವೆಸ್ಟ್ ಬಡಾವಣೆಯ ಆಫೀಸಿನಲ್ಲಿ ವಾರವಿಡೀ ಸಾಫ್ಟ್‌ವೇರ್ ಪರೀಕ್ಷಿಸುವ ಅವನಿಗೆ ಹಳೆಯ ಯುರೋಪಿನ ಚರಿತ್ರೆಯ ಹುಚ್ಚು. ಏಳನೆಯ ಶತಮಾನದಲ್ಲಿ ಸಮೊ ಎಂಬ ವ್ಯಾಪಾರಿ ಸ್ಲಾವ್ ಜನರಿಗೆ ರಾಜನಾದ. ಹನ್ನೆರಡು ಹೆಂಡಿರು, ಇಪ್ಪತ್ತೆರಡು ಗಂಡುಮಕ್ಕಳು. ಅವನು ಸತ್ತ ಮೇಲೆ ರಾಜ್ಯ ಚೂರುಚೂರಾಗಿ ಹೇಳಹೆಸರಿಲ್ಲದಂತಾಯಿತು. ಒಂದು ವೇಳೆ ಉಳಿದಿದ್ದರೆ? ವಿರುಪಾಕ್ಷ ಆರು ತಿಂಗಳು ಕೂತು ಆ ಕತೆ ಬರೆದಿದ್ದ. ಮೆಲ್ಬರ್ನಿನ ಕನ್ನಡ ಪತ್ರಿಕೆಯೊಂದು ‘ನಡೆಯದ ಚರಿತ್ರೆ’ ಎಂಬ ಕಥಾಸ್ಪರ್ಧೆ ಇಟ್ಟಿತ್ತು. ಅಂದೇ ಸಂಜೆ ಐದಕ್ಕೆ ಗಡುವು.

ರಾಜಕುಮಾರರ ಹೆಸರು ಯಾವ ಪುಸ್ತಕದಲ್ಲೂ ಸಿಗದೆ, ಅವನು ಗೆಳೆಯರ, ನೆಂಟರ ಹೆಸರುಗಳಿಗೇ ಸ್ಲಾವ್ ಬಾಲ ಅಂಟಿಸಿದ್ದ: ಡಿಕ್ಸನಿಮಿರ್, ಮನೋಜಿಸ್ಲಾವ್, ಸುದರ್ಶನಿಸ್ಲಾವ್. ಅವರನ್ನೆಲ್ಲ ಮೀರಿಸಿ ರಾಜ್ಯ ಉಳಿಸುವ ಕಿರಿಯವನು ವಿರುಪಾಕ್ಷಿಮಿರ್.

ಹೆಂಡತಿ ಅರುಂಧತಿಗೆ ಓದಲು ಕಳಿಸಿದ ಕತೆ, ಹೆಬ್ಬೆರಳು ತಪ್ಪಿ ಗೆಳೆಯರು, ನೆಂಟರೆಲ್ಲ ಇದ್ದ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅಳಿಸುವಷ್ಟರಲ್ಲಿ ಅರ್ಧ ಗ್ರೂಪು ಓದಿಯಾಗಿತ್ತು.

ಮೊದಲು ಬಂದವನು ಪಕ್ಕದ ಮನೆಯ ಡಿಕ್ಸನ್, ಒಂದು ಡಬ್ಬಿ ನೀರುದೋಸೆಯೊಂದಿಗೆ.

“ಎಂತ ಮಾರಾಯ, ಎರಡನೇ ಪೇಜಲ್ಲೇ ನನ್ನನ್ನು ಕುದುರೆಯಿಂದ ಬೀಳಿಸಿ ಕೊಂದಿದ್ದೀಯಲ್ಲ!”

“ಅದು ನೀನಲ್ಲ, ಡಿಕ್ಸನಿಮಿರ್.”

“ನನ್ನ ಹೆಂಡತಿಗೆ ಹೇಳು ಅದನ್ನು. ಬೆಳಿಗ್ಗೆಯಿಂದ ನಗ್ತಾ ಇದ್ದಾಳೆ, ನಿಲ್ಲಿಸ್ಲಿಕ್ಕೇ ಇಲ್ಲ.”

ದೋಸೆ ಹೂವಿನಂತಿತ್ತು. ವಿರುಪಾಕ್ಷ ಅವನನ್ನು ಬದುಕಿಸಿ ಒಂದು ಕೋಟೆ ಕೊಟ್ಟ.

ಡಿಕ್ಸನ್ ಅದನ್ನು ಗ್ರೂಪಿನಲ್ಲಿ ಸಾರಿದ. ಕೂಡಲೇ ಮನೋಜನ ಫೋನು. “ಅವನಿಗೆ ಕೋಟೆ, ನಂಗೆ ಬರೀ ಕುದುರೆ ಲಾಯಾನಾ ಗುರು? ನಾಲ್ಕು ವರ್ಷದಿಂದ ನಿನ್ನನ್ನ ಆಫೀಸಿಗೆ ಡ್ರಾಪ್ ಮಾಡ್ತಿದೀನಿ!” ಅವನಿಗೊಂದು ನದಿಯೇ ಹೋಯಿತು.

ಮಧ್ಯಾಹ್ನ ಮೆಲ್ಬರ್ನಿನ ಪಾಯಿಂಟ್ ಕುಕ್‌ನಿಂದ ಅರುಂಧತಿಯ ಅಣ್ಣ ಸುದರ್ಶನ್ ವಿಡಿಯೊದಲ್ಲಿ ಪ್ರತ್ಯಕ್ಷನಾದ. ಮುಖ ಆರಿದ ಇಡ್ಲಿಯಂತಿತ್ತು. “ಏನ್ ಭಾವ, ಶತ್ರುಗಳಿಗೆ ಬಾಗಿಲು ತೆಗೆಯೋ ದ್ರೋಹಿ ನಾನೇನಾ? ಕಿರೀಟ ಮಾತ್ರ ನಿಮಗಾ?”

ಅರುಂಧತಿ ಸೌಟು ಕೆಳಗಿಟ್ಟಳು. “ನಮ್ಮಣ್ಣಂಗೂ ಒಂದು ರಾಜ್ಯ ಕೊಡ್ರಿ. ಇಲ್ಲಾಂದ್ರೆ ಆ ಹನ್ನೆರಡು ಹೆಂಡ್ತೀರಲ್ಲಿ ಯಾರಿಗಾದ್ರೂ ರಾತ್ರಿ ಅಡುಗೆ ಮಾಡೋಕೆ ಹೇಳಿ.”

ಆಮೇಲೆ ವಿರುಪಾಕ್ಷ ತಲೆ ಎತ್ತಲಿಲ್ಲ. ಯುದ್ಧಗಳನ್ನು ಅಳಿಸಿದ, ಸತ್ತವರನ್ನೆಲ್ಲ ಎಬ್ಬಿಸಿದ, ಕೇಳಿದವರಿಗೆಲ್ಲ ಒಂದೊಂದು ರಾಜ್ಯ ಹಂಚಿದ. ಐದಕ್ಕೆ ಐದು ನಿಮಿಷವಿರುವಾಗ ಕತೆ ಪತ್ರಿಕೆಗೆ ಹೋಯಿತು. ಗ್ರೂಪಿನ ತುಂಬ ಚಪ್ಪಾಳೆ. ಅವನಿಗೂ ಎದೆ ಹಗುರಾಯಿತು.

ಊಟ ಮುಗಿಯುವಷ್ಟರಲ್ಲಿ ಸಂಪಾದಕರ ಉತ್ತರ ಬಂತು. ಅವನು ಗಟ್ಟಿಯಾಗಿ ಓದಿದ:

“ಬರವಣಿಗೆ ಸೊಗಸಾಗಿದೆ. ಆದರೆ ನಾವು ಕೇಳಿದ್ದು ನಡೆಯದ ಚರಿತ್ರೆ. ಸಮೊ ಸತ್ತ, ರಾಜ್ಯ ಚೂರುಚೂರಾಯಿತು. ಇದು ನಡೆದದ್ದೇ ಅಲ್ಲವೇ? ಹಾಗಾಗಿ ಪರಿಗಣಿಸಲಾಗುತ್ತಿಲ್ಲ. ಅಂದಹಾಗೆ, ತಾವು ರಾಜ್ಯ ಕೊಟ್ಟಿರುವುದು ಇಪ್ಪತ್ತೊಂದು ಮಂದಿಗೆ. ಕಿರಿಯವನು ಏನಾದ?”

ವಿರುಪಾಕ್ಷ ಬೆರಳು ಮಡಚಿ ಎಣಿಸಿದ. ಎಲ್ಲರಿಗೂ ಹಂಚುವ ಭರದಲ್ಲಿ ತನಗೊಂದು ಹಳ್ಳಿಯನ್ನೂ ಇಟ್ಟುಕೊಂಡಿರಲಿಲ್ಲ.

“ಪಾತ್ರೆ ತೊಳೀತಿದಾನೆ ಅಂತ ಬರೀರಿ,” ಎಂದಳು ಅರುಂಧತಿ.

ಅವನು ನಗುತ್ತಲೇ ಅಂಗಿಯ ತೋಳು ಮಡಚಿ ಸಿಂಕಿನ ಕಡೆ ನಡೆದ.