ಹಲ್ಲು ನೋಡಿ ತಂದ ಕುದುರೆ

ಕುದುರೆ ಕಟ್ಟಿದವನ ಮನೆಯಲ್ಲಿ ನಗೆಗೆ ಬರವಿಲ್ಲ. ನಗುವವರು ಮಾತ್ರ ಆಚೀಚೆ ಮನೆಯವರು. ಕೊಪ್ಪಳದಲ್ಲಿ ನಾನು ಮೊದಲ ಸಲ ಟಾಂಗಾ ಇಟ್ಟಾಗ ನಮ್ಮ ಓಣಿಯವರಿಗೆ ಬೇರೆ ನಾಟಕ ನೋಡುವ ಅಗತ್ಯವೇ ಬೀಳಲಿಲ್ಲ.

ಹಲ್ಲಿನ ಪರೀಕ್ಷೆ

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲು ಸುಟ್ಟು ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಮರ್ಯಾದೆಯ ಮಾತು. ನನಗೆ ಕುಷ್ಟಗಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿಯನ್ನು ಒಂದೇ ಸಲ ನೋಡಿದ್ದೆ, ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದೆ. ಅವಳಪ್ಪ ಜೋಳದ ವ್ಯಾಪಾರಿ, ಭಾರಿ ಗತ್ತಿನ ಮನುಷ್ಯ. ಪೇಟೆಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು:

"ನಡಕೋಂತ ಬರೋ ಅಳಿಯಗ ನಾ ಮಗಳನ್ನ ಕೊಡಾಂವಲ್ಲ. ಸ್ವಂತ ಗಾಡಿ ಬಂದು ನನ್ನ ಬಾಗಲಿಗೆ ನಿಂತ್ರ ಲಗ್ನದ ಅಕ್ಕಿಕಾಳು. ಇಲ್ಲಂದ್ರ ಬಂದ ದಾರಿ ಹಿಡೀರಿ."

ಸರಿ, ನಾನೂ ನಮ್ಮ ಕಾಕಾನೂ ಕುದುರೆ ಹುಡುಕಿಕೊಂಡು ಗಂಗಾವತಿಗೆ ಹೋದೆವು. ಕಾಕಾ ಜೀವಮಾನವೆಲ್ಲ ಎತ್ತು ಕೊಂಡವನು. ಆದ್ದರಿಂದ ಕುದುರೆಯ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ.

ಮಾರುವವನು, "ಭಾಳ ಶಾಂತ ಐತ್ರಿ. ಕಿವಿ ಮುಂದ ಬಾಜಾ ಬಾರಿಸಿದ್ರೂ ಅಂಜಂಗಿಲ್ಲ" ಎಂದ. ಇಷ್ಟು ನಿಜ ಹೇಳಿದ ವ್ಯಾಪಾರಿಯನ್ನು ನಾನು ಆಮೇಲೆ ಕಂಡಿಲ್ಲ.

ಕಾಕಾ ಕುದುರೆಯ ತುಟಿ ಎತ್ತಿ, ತನ್ನ ಬಾಯನ್ನೂ ತೆರೆದುಕೊಂಡು, ಹಲ್ಲು ನೋಡಿದ. ಕುದುರೆಯೂ ಅವನ ಹಲ್ಲು ನೋಡಿತು.

"ಹರೇದ ಕುದುರಿ, ಹಿಡಿ" ಎಂದ ಕಾಕಾ.

ಪಕ್ಕದಲ್ಲಿ ನಿಂತಿದ್ದವನೊಬ್ಬ ತಲೆಯಾಡಿಸಿದ. "ಖರೇ ಐತ್ರಿ ಯಜಮಾನ್ರ. ನಿಮಗ ಹರೇ ಇದ್ದಾಗ ಇದಕ್ಕೂ ಇತ್ತು."

ಸಾಹೇಬರ ಮೆರವಣಿಗೆ

ಮದುವೆಯ ದಿನ ಬರುವತನಕ ಟಾಂಗಾವನ್ನು ಬಾಡಿಗೆಗೆ ಹೊಡೆಯತೊಡಗಿದೆ. ಮೊದಲ ಸವಾರಿ ತಹಸೀಲ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರ ಸಾಹೇಬರದು. ನೆರೆತ ಗಡ್ಡ, ಶೇರವಾನಿ. ರೈಲಿನಿಂದ ಇಳಿದವರೇ, "ಜಲ್ದಿ ಕಚೇರಿಗೆ ಹೊಡಿ" ಎಂದರು.

ಪೇಟೆಯ ತಿರುವಿನಲ್ಲಿ ಯಾರದೋ ಮದುವೆಯ ಮೆರವಣಿಗೆ. ಸನಾದಿ ಕೇಳಿದ್ದೇ ತಡ, ನನ್ನ ಕುದುರೆ ಕಿವಿ ನಿಮಿರಿಸಿತು, ಕತ್ತು ಬಾಗಿಸಿತು, ಮಂದಿಯನ್ನು ಸೀಳಿಕೊಂಡು ಹೋಗಿ ವಾದ್ಯದವರ ಹಿಂದೆ ಕುಣಿಯತೊಡಗಿತು. ಗಂಗಾವತಿಯಲ್ಲಿ ಅದು ಅಷ್ಟು ವರ್ಷ ಮಾಡಿದ್ದು ಮದುಮಕ್ಕಳನ್ನು ಮೆರೆಸುವ ಕೆಲಸವೊಂದೇ ಎಂದು ಆಗ ತಿಳಿಯಿತು. ನಾನು ಚಾವಟಿಯಿಂದ ಬಾರಿಸಿದೆ. ನೊಣ ಕೂತಿತೆಂದು ಬಾಲ ಬೀಸಿತು.

ನಿಜವಾದ ಮದುಮಗ ಹಿಂದಿನ ಚಕ್ಕಡಿಯಲ್ಲಿ ಹುಬ್ಬು ಗಂಟಿಕ್ಕಿ ಕೂತಿದ್ದ. ಮದುವೆ ಮನೆಯ ಬಾಗಿಲಲ್ಲಿ ಆರತಿ ಹಿಡಿದು ಕಾದಿದ್ದ ಹೆಂಗಸರಿಗೆ ಮೊದಲು ಕಂಡದ್ದು ಕುಣಿಯುವ ಕುದುರೆ, ಅದರ ಹಿಂದೆ ಶೇರವಾನಿ. ಸಾಹೇಬರು "ಅರೆ, ನಾ ಅಲ್ಲ, ನಾ ಅಲ್ಲ" ಎನ್ನುವಷ್ಟರಲ್ಲಿ ಆರತಿ ಮುಗಿದೇ ಹೋಯಿತು.

ಒಬ್ಬ ಮುದುಕಿ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ ಸಮಾಧಾನ ಹೇಳಿದಳು: "ವಯಸ್ಸು ಜರಾ ಹೆಚ್ಚಾತು ಖರೆ. ಇರಲಿ ಬಿಡ್ರವ್ವಾ, ಸರಕಾರಿ ನೌಕರಿ ಐತಿ."

ಹಗೆಯ ಮನೆಯ ಸಾವು

ಕುದುರೆಗೆ ವಾದ್ಯದಲ್ಲಿ ಶುಭ ಅಶುಭದ ಭೇದವಿರಲಿಲ್ಲ. ಪಕ್ಕದ ಭಾಗ್ಯನಗರಕ್ಕೆ ಹೊರಟಿದ್ದ ಒಬ್ಬ ಸಾವುಕಾರರನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಎದುರಿಗೆ ಹಲಗೆ ಬಾರಿಸುತ್ತ ಹೆಣದ ಮೆರವಣಿಗೆ ಬಂತು. ಸತ್ತವನೂ ಈ ಸಾವುಕಾರರೂ ಹೊಲದ ಬದುವಿನ ಜಗಳದಲ್ಲಿ ಮುಖ ನೋಡುವುದನ್ನೇ ಬಿಟ್ಟಿದ್ದವರು.

"ಗಾಡಿ ತಿರುವೋ, ಆ ಮಾರಿ ನೋಡಬಾರದು" ಎಂದು ಸಾವುಕಾರರು ಕೂಗಿದರು. ಕುದುರೆ ತಿರುಗಿತು, ಮೆರವಣಿಗೆಯ ಜೊತೆಗೇ. ರುದ್ರಭೂಮಿಯವರೆಗೂ ಕುಣಿದುಕೊಂಡು ಹೋದೆವು.

ಊರ ಮಂದಿಯ ಕಣ್ಣಲ್ಲಿ ನೀರು. "ಹಗಿ ಇದ್ರೂ ಮಣ್ಣಿಗೆ ಬಂದ್ರಲ್ಲ, ದೊಡ್ಡ ಮನಸ್ಸು!" ಸತ್ತವನ ಮಗ ಬಂದು ಕಾಲಿಗೆ ಬಿದ್ದ. ಸಾವುಕಾರರು ಬೇರೆ ದಾರಿ ಕಾಣದೆ ಒಂದು ಹಿಡಿ ಮಣ್ಣು ಹಾಕಿ, ಒಂದಿಷ್ಟು ಅತ್ತೂ ಬಂದರು.

ಗಾಡಿ ಹತ್ತಿ ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು. "ಛಲೋ ಆತು ಬಿಡು. ಇನ್ನೂ ಇಬ್ಬರು ವೈರಿಗಳದಾರ. ಅವರು ಹೋದಾಗೂ ನಿನ್ನ ಗಾಡಿನ ಕರಸ್ತೀನಿ."

ಮಾವನವರ ಬಾಗಿಲು

ಮದುವೆಯ ದಿನ ಬಂತು. ಹಿಂದಿನ ದಿನವೇ ಹೊರಟು, ಬೆಳಿಗ್ಗೆ ಕುಷ್ಟಗಿಯ ಹೊರಗೆ ಮುಟ್ಟಿದೆವು. ಎದುರುಗೊಳ್ಳಲು ಮಾವನವರು ವಾದ್ಯದೊಡನೆ ಬರುವವರಿದ್ದರು. ಕುದುರೆ ಕುಣಿಯುತ್ತ ಹೋದರೆ ಮುಹೂರ್ತ ಮೀರುತ್ತದೆಂದು ನನಗೆ ದಿಗಿಲು. ಕಾಕಾ ಗಾದಿಯನ್ನು ಬಿಚ್ಚಿ, ಕುದುರೆಯ ಎರಡೂ ಕಿವಿಗೆ ಹತ್ತಿ ತುರುಕಿದ. ಇನ್ನೊಂದು ಗಾದಿ ತುಂಬುವಷ್ಟು ಧಾರಾಳವಾಗಿ ತುರುಕಿದ.

ಮಾವನವರು ವಾದ್ಯದೊಡನೆ ಬಂದರು. ಈಗ ಕುದುರೆಗೆ ವಾದ್ಯ ಕೇಳಿಸಲಿಲ್ಲ. ನನ್ನ "ಚಲ್" ಕೂಡ ಕೇಳಿಸಲಿಲ್ಲ. ಲೋಕವೇ ತಣ್ಣಗಾಯಿತೆಂದು ತಿಳಿದು ನಿಂತಲ್ಲೇ ಕಣ್ಣು ಮುಚ್ಚಿತು. ಹತ್ತಿ ತೆಗೆಯಲು ಹೋದ ಕಾಕಾನನ್ನು ಕಚ್ಚಿತು, ಮತ್ತೆ ಕಣ್ಣು ಮುಚ್ಚಿತು.

ಭಟ್ಟರು ಓಡಿ ಬಂದರು. "ಮುಹೂರ್ತ ಮೀರತೈತ್ರಿ! ವರಾ ಇಳದು ನಡಕೋಂತ ಬರಲಿ."

ನಾನು ಮಾವನವರನ್ನು ನೋಡಿದೆ. ಮಾವನವರು ಊರನ್ನು ನೋಡಿದರು. ಅವರ ಮಾತು ಕೇಳಿದ್ದ ಪೇಟೆಯೆಲ್ಲ ಅಲ್ಲೇ ನಿಂತು, ಮುಂದೇನೆಂದು ಕಾಯುತ್ತಿತ್ತು. ಆ ಹುಡುಗಿ ಕೈತಪ್ಪಿದಳೆಂದು ನನಗೆ ಅಳುವೇ ಬಂತು.

"ಅಳಿಯಾ ಇಳೀಬಾರದು!" ಎಂದು ಮಾವನವರು ಗುಡುಗಿದರು. "ನಾ ಆಡಿದ ಮಾತು ಆಡೀನಿ. ಗಾಡಿನ ಬರಬೇಕು. ಬಿಚ್ಚರ್ರಿ ಆ ಹಾಳ ಕುದುರಿ!"

ಕುದುರೆ ಬಿಚ್ಚಿದರು. ಮಾವನವರು ಜರಿಯ ರುಮಾಲು ಸರಿಮಾಡಿಕೊಂಡು, ಧೋತರದ ಕಚ್ಚೆ ಬಿಗಿದು, ಗಾಡಿಯ ಮುಂದೆ ಕುದುರೆ ಕಟ್ಟುವ ಎರಡೂ ಮರದ ದಂಡಗಳ ನಡುವೆ ತಾವೇ ಹೊಕ್ಕರು. ವಾದ್ಯ ಮೊಳಗಿತು. ಮಾವನವರು ಏದುಸಿರು ಬಿಡುತ್ತ ಎಳೆದರು. ನಾನು ಬಾಸಿಂಗ ಕಟ್ಟಿಕೊಂಡು ಮೇಲೆ ಕೂತಿದ್ದೆ. ಅರ್ಧ ದಾರಿಯಲ್ಲಿ ಕಿವಿಯ ಹತ್ತಿ ಉದುರಿತೋ ಏನೋ, ಕುದುರೆ ಹಿಂದಿನಿಂದ ಬಂದು ಕುಣಿಯಲು ಶುರುಮಾಡಿತು. ಗಾಡಿ ಸರಿಯಾದ ಹೊತ್ತಿಗೆ ಬಾಗಿಲಿಗೆ ಬಂದು ನಿಂತಿತು. ಅಕ್ಕಿಕಾಳು ಬಿದ್ದವು.

ಆ ಗದ್ದಲದಲ್ಲಿ ಕಾಕಾ ನನ್ನ ಕಿವಿಯ ಹತ್ತಿರ ಬಂದು, ಮಾವನವರನ್ನು ಮೇಲಿಂದ ಕೆಳಗೆ ನೋಡುತ್ತ ಪಿಸುಗುಟ್ಟಿದ:

"ಸುಮ್ಮನ ಗಂಗಾವತಿತನಕ ಹೋಗಿದ್ವಿ ನೋಡೋ ತಮ್ಮಾ. ಹಲ್ಲು ನೋಡಲಾರದ ಸಿಕ್ಕಿದ್ದು ಛಲೋ ಎಳೀತೈತಿ."